ಹಣೆಗೆ ವಿಭೂತಿ ಹಚ್ಚಗೊಡದ ಕೂಸು

ಈ ಸಂಗತಿ ಹೇಳಲು ಶುರು ಮಾಡಿದರೆ ಇವತ್ತಿಗೂ ನನಗೆ ಕುಳಿತಲ್ಲಿ ಕುಳಿತಿರಲಾಗುವುದಿಲ್ಲ. ಎದ್ದು ನಿಲ್ಲುತ್ತೇನೆ, ಕೈ ಬೀಸುತ್ತೇನೆ, ದನಿ ಏರುತ್ತದೆ. ಮನೆಯ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ನಗಲಿ ಬಿಡಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಸಂತೋಷವೂ ಅಲ್ಲೇ ಇತ್ತು, ಅದನ್ನು ಮಾತ್ರ ಯಾರೂ ಹೇಳಲಿಲ್ಲ.

ನನ್ನ ತವರು ಕಲ್ಯಾಣ. ನೀವು ಈಗ ಬಸವಕಲ್ಯಾಣ ಎನ್ನುತ್ತೀರಿ, ನಮಗೆ ಆಗ ಬರೀ ಕಲ್ಯಾಣ. ನನ್ನನ್ನು ಕೊಟ್ಟದ್ದು ಹುಮನಾಬಾದಿಗೆ. ಗಂಡನದು ಬಜಾರಿನಲ್ಲಿ ಕಿರಾಣಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ನನ್ನ ಮಡಿಲು ತುಂಬಿರಲಿಲ್ಲ. ಮನೆಯ ಯಜಮಾನಿಕೆ ನನ್ನ ಅತ್ತೆಯದು. ಕೊರಳಲ್ಲಿನ ಲಿಂಗವನ್ನು ಅಂಗೈ ಮೇಲಿಟ್ಟು ಪೂಜೆ ಮಾಡದೆ ಹನಿ ನೀರು ಮುಟ್ಟದವರು. ಹಣೆ, ಕುತ್ತಿಗೆ, ತೋಳು, ಮೊಣಕೈ, ಎಲ್ಲೆಲ್ಲಿ ವಿಭೂತಿ ಹಚ್ಚಬೇಕೆಂದು ಹಿರಿಯರು ಹೇಳಿದ್ದಾರೋ ಅಲ್ಲೆಲ್ಲ ಅವರಿಗೆ ದಪ್ಪ ದಪ್ಪ ಮೂರು ಗೆರೆ ಬೀಳಲೇಬೇಕು. ಬೆಳಿಗ್ಗೆ ಪೂಜೆ ಕೋಣೆಯಿಂದ ಹೊರಬಂದರೆಂದರೆ ಆಗತಾನೇ ಸುಣ್ಣ ಬಳಿದ ಗೋಡೆಯೇ ನಡೆದು ಬಂದಂತಿರುತ್ತಿತ್ತು. ಇದನ್ನು ನಾನು ಅವರೆದುರಿಗೇ ಹೇಳಿ ಬೈಸಿಕೊಂಡಿದ್ದೇನೆ. ನಾನೋ, ಹಣೆಗೆ ಕಂಡೂ ಕಾಣದ ಹಾಗೆ ಒಂದಿಷ್ಟು ಮುಟ್ಟಿಸಿ ಏಳುವವಳು.

ಕೂಸು ಬಂದದ್ದು ನಲವತ್ತೆಂಟರಲ್ಲಿ, ಆ ಗದ್ದಲದ ಕಾಲದಲ್ಲಿ. ಮೊದಲು ರಜಾಕಾರರ ಹಾವಳಿ, ಆಮೇಲೆ ಹಿಂದುಸ್ತಾನದ ಫೌಜು ಬಂತು, ಫೌಜಿನ ಬೆನ್ನಿಗೆ ಸೇಡು ತೀರಿಸಿಕೊಳ್ಳುವವರೂ ಬಂದರು. ಯಾವ ದಿಕ್ಕಿಗೆ ನೋಡಿದರೂ ಹೊಗೆ. ನನ್ನ ತಮ್ಮ ಬಂಡಿ ಹೊಡೆದುಕೊಂಡು ಕಲ್ಯಾಣದಿಂದ ಹುಮನಾಬಾದಿಗೆ ಬರುತ್ತಿದ್ದವನು ರಾಜೇಶ್ವರದ ಆಚೆ ಒಂದು ಸುಟ್ಟ ವಸ್ತಿಯಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಂತಿದ್ದಾನೆ. ಬಿದ್ದ ಮನೆಯೊಂದರ ಒಳಗೆ ಏನೋ ಅಲುಗಾಡಿದಂತಾಯಿತು. ಹೋಗಿ ನೋಡಿದರೆ ಈ ಹೆಣ್ಣುಕೂಸು. ಮೂರೋ ನಾಲ್ಕೋ ವರ್ಷದ್ದು. ಯಾರ ಮನೆ, ಯಾರು ಸುಟ್ಟರು ಎಂದು ಕೇಳೋಣವೆಂದರೆ ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಆಮೇಲೆ ಕೇಳಿದಾಗಲೂ ಒಬ್ಬೊಬ್ಬರು ಒಂದೊಂದು ಹೇಳಿದರು. ನನ್ನ ತಮ್ಮ ಆ ಕೂಸನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿ, ಹೊರಗೆ ಹೋಗಿ ಬಾವಿಕಟ್ಟೆಯ ಮೇಲೆ ಕುಳಿತು ಅತ್ತ.

ನನಗೆ ಅಳು ಬರಲಿಲ್ಲ. ಹೇಳಿದರೆ ನಾಚಿಕೆಯಾಗಬೇಕು, ಆದರೆ ನನಗೆ ಖುಷಿಯಾಗಿತ್ತು. ಆ ಮೈಯ ಬಿಸಿ ತೊಡೆಗೆ ತಾಗಿದ ಕೂಡಲೇ, ಶಿವನೇ, ಇದನ್ನು ಇನ್ನು ಯಾರು ಬಂದು ಕೇಳಿದರೂ ಕೊಡುವವಳಲ್ಲ ನಾನು ಎಂದುಕೊಂಡೆ.

ಕೂಸಿಗೆ ಮಾತಿರಲಿಲ್ಲ. ಎಡಗೈ ಮುಷ್ಟಿ ಹಿಡಿದದ್ದು ಹಿಡಿದ ಹಾಗೆಯೇ ಇತ್ತು. ಗಾಯವೇನಲ್ಲ, ಹುಟ್ಟಿದಾಗಿನಿಂದ ಹೀಗೆಯೇ ಇರಬೇಕು ಎಂದು ವೈದ್ಯರು ಎಣ್ಣೆ ಕೊಟ್ಟರು. ಹಗಲೆಲ್ಲ ಮೂಲೆಯಲ್ಲಿ ಕುಳಿತು ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. ಕಿವಿ ಕೇಳುತ್ತದೋ ಇಲ್ಲವೋ ಎಂದು ನೋಡಲು ನಾನು ಹಿಂದಿನಿಂದ ತಾಟು ಬಡಿದೆ. ಬೆಚ್ಚಿ ಬಿದ್ದಿತು. ಕಿವಿ ಇದೆ ಎಂದು ನಾನು ಕುಣಿದೆ. ಹಾಗಾದರೆ ಯಾವ ಭಾಷೆಯ ಕೂಸು ಇದು? ಪಕ್ಕದ ಮನೆಯ ಬಳೆಗಾರರ ಮುದುಕಿಯನ್ನು ನಾವೆಲ್ಲ ಖಾಲಾ ಎನ್ನುತ್ತಿದ್ದೆವು. ಆಕೆಯನ್ನು ಕರೆದು ಉರ್ದುವಿನಲ್ಲಿ ಮಾತಾಡಿಸಿದೆ. ಅಂಗಡಿಗೆ ಬಂದ ಮರಾಠಿ ಹೆಂಗಸರನ್ನು ಒಳಗೆ ಎಳೆದು ತಂದು ಮರಾಠಿಯಲ್ಲಿ ಮಾತಾಡಿಸಿದೆ. ನನ್ನ ಕನ್ನಡವಂತೂ ಬೆಳಗಿನಿಂದ ಸಂಜೆಯ ತನಕ ನಡೆದೇ ಇತ್ತು. ಕೂಸು ಮೂರು ಭಾಷೆಗೂ ಒಂದೇ ಉತ್ತರ ಕೊಟ್ಟಿತು. ಹಿಂದಕ್ಕೆ ತೂಗಿತು, ಮುಂದಕ್ಕೆ ತೂಗಿತು.

ಅದು ತೂಗುವುದನ್ನು ನಿಲ್ಲಿಸುತ್ತಿದ್ದದ್ದು ದಿನಕ್ಕೊಮ್ಮೆ. ಸಂಜೆ ನಾನು ಪಡಸಾಲೆಯಲ್ಲಿ ದೀಪ ಹಚ್ಚಿ, ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಲಿಂಗವನ್ನು ಎಡ ಅಂಗೈ ಮೇಲಿಟ್ಟು ನೋಡುತ್ತ ಕೂರುತ್ತಿದ್ದೆ. ಕರಿಯ ಲಿಂಗದ ಮೇಲೆ ದೀಪದ ಬೆಳಕು ಒಂದು ಚುಕ್ಕಿಯಾಗಿ ನಿಲ್ಲುತ್ತದೆ. ಕೂಸು ಆ ಚುಕ್ಕಿಯನ್ನು ನೋಡುತ್ತ ಉಸಿರು ಹಿಡಿದು ಕೂರುತ್ತಿತ್ತು. ನಾನು ಪೂಜೆ ಮುಗಿಸಿದರೆ ನನ್ನ ಕೈಯನ್ನು ಮತ್ತೆ ಮೇಲೆತ್ತುತ್ತಿತ್ತು, ಇನ್ನೂ ಮಾಡು ಎನ್ನುವ ಹಾಗೆ. ಬುದ್ಧಿ ಇಲ್ಲದ ಕೂಸು ಎಂದು ಬಂದವರೆಲ್ಲ ಹೇಳಿ ಹೋಗುತ್ತಿದ್ದರು. ಬುದ್ಧಿ ಇಲ್ಲದ್ದು ನಿಮಗೆ ಎಂದು ನಾನು ಅವರ ಬೆನ್ನಿಗೆ ಹೇಳುತ್ತಿದ್ದೆ, ಕೇಳಿಸಲಿ ಎಂದೇ.

ಆದರೆ ಒಂದು ತಂಟೆ ಇತ್ತು. ವಿಭೂತಿ.

ನಮ್ಮಲ್ಲಿ ಹುಟ್ಟಿದ ಕೂಸಿಗೆ ಎರೆದ ಕೂಡಲೇ ಹಣೆಗೆ ವಿಭೂತಿ ಬೀಳುತ್ತದೆ. ನೋವಿಗೆ ವಿಭೂತಿ, ಜ್ವರಕ್ಕೆ ವಿಭೂತಿ, ಕನಸಿಗೆ ಹೆದರಿದರೆ ವಿಭೂತಿ. ಈ ಕೂಸು ಬಂದ ಮೊದಲ ದಿನವೇ ಅತ್ತೆ ಒಣ ವಿಭೂತಿ ತೆಗೆದು ಹಣೆಗೆ ಹಚ್ಚಲು ಹೋದರು. ಅದು ಚೀರಿದ್ದು! ಕತ್ತಿ ಹಾಕಿದರೂ ಹಾಗೆ ಚೀರಲಾರರು. ಅತ್ತೆಯ ಕೈ ಅಲ್ಲೇ ನಿಂತಿತು. ಮರುದಿನವೂ ಅದೇ. ಯಾವ ಹೊತ್ತಿನಲ್ಲಿ ಹಚ್ಚಲು ಹೋದರೂ ಅದೇ. ಅಷ್ಟೇ ಅಲ್ಲ, ಅತ್ತೆಯನ್ನು ಕಂಡರೇ ಗೋಡೆ ಹಿಡಿದು ಸರಿಯುತ್ತಿತ್ತು. ಅವರು ಪಡಸಾಲೆಗೆ ಬಂದರೆ ಇದು ಹಿತ್ತಿಲಿಗೆ, ಅವರು ಹಿತ್ತಿಲಿಗೆ ಹೋದರೆ ಇದು ನನ್ನ ಸೆರಗಿನೊಳಗೆ.

ಅತ್ತೆಗೆ ಅದು ನಾಟಿತ್ತು. ಅವರು ಕೊಟ್ಟ ಬೆಲ್ಲ ಕೂಡ ಕೂಸು ಮುಟ್ಟುತ್ತಿರಲಿಲ್ಲ. ಒಮ್ಮೆ ನನ್ನೆದುರು ಬಾಯಿಬಿಟ್ಟು ಹೇಳಿದರು: “ನನ್ನ ಕಂಡ್ರ ದೆವ್ವ ಕಂಡಂಗ ಮಾಡ್ತದಲ್ಲ. ನಾ ಏನ್ ಮಾಡೀನಿ ಅದಕ್ಕ?”

ಊರಿಗೆ ಬಾಯಿ ಇಲ್ಲವೇ? ವಿಭೂತಿ ಕಂಡರೆ ಚೀರುವವರು ಎರಡೇ ಬಗೆ ಎಂದು ಲೆಕ್ಕ ಹಾಕಿದರು. ಒಂದು, ಮೈಮೇಲೆ ದೆವ್ವ ಇದ್ದವರು. ಇನ್ನೊಂದು, ಬೇರೆ ಜಾತಿಯಲ್ಲಿ ಹುಟ್ಟಿದವರು. ದೆವ್ವ ಎಂದವರು ಇನ್ನಷ್ಟು ವಿಭೂತಿ ಹಚ್ಚಿರಿ, ಬಿಟ್ಟು ಹೋಗುತ್ತದೆ ಎಂದರು. ಅತ್ತೆ ಹಚ್ಚಿಯೂ ಹಚ್ಚಿದರು. ಚೀರಿ ಚೀರಿ ಕೂಸಿನ ಕಣ್ಣು ಮೇಲೆ ಸಿಕ್ಕಿಕೊಂಡವು. ಇನ್ನೊಂದು ಗುಂಪಿನವರು ಮುಸಲ್ಮಾನರ ಕೂಸು ಇದು ಎಂದರು. ಆ ಕಾಲದಲ್ಲಿ ಹಾಗನ್ನುವುದು ಹುಡುಗಾಟವಲ್ಲ. ನಾನು ಖಾಲಾನ ಹತ್ತಿರ ಹೋಗಿ ಕೇಳಿದೆ. ಆಕೆ ಬಳೆ ಕಟ್ಟುತ್ತ ಕುಳಿತಿದ್ದಳು. ತನ್ನವರಲ್ಲಿ ಮೂರು ಮನೆ ಖಾಲಿಯಾಗಿದ್ದವು ಆ ವರ್ಷ. ತಲೆ ಎತ್ತದೆ ಹೇಳಿದಳು: “ನಿಮ್ಮದೂ ಇರಬಹುದು, ನಮ್ಮದೂ ಇರಬಹುದು ಬೇಟಿ. ಹಸಿವಾದಾಗ ಯಾರ ಕಡಿ ನೋಡ್ತದ? ನಿನ್ನ ಕಡಿ ನೋಡ್ತದಲ್ಲ, ನಿನ್ನದು.” ನನಗೆ ಅಷ್ಟು ಸಾಕಾಗಿತ್ತು.

ಅತ್ತೆಗೆ ಸಾಕಾಗಲಿಲ್ಲ. ಅವರದು ಒಂದೇ ಕಟ್ಟು. ಕೊರಳಲ್ಲಿ ಲಿಂಗ ಇಲ್ಲದವರು ಒಲೆಯ ಹತ್ತಿರ ಬರುವಂತಿಲ್ಲ, ಪೂಜೆ ಕೋಣೆಯ ಹೊಸ್ತಿಲು ದಾಟುವಂತಿಲ್ಲ, ಪಂಕ್ತಿಯಲ್ಲಿ ಕೂರುವಂತಿಲ್ಲ. ಕೂಸಿಗೆ ನಾನು ತಾಟು ಹಚ್ಚುತ್ತಿದ್ದದ್ದು ಅಂಗಡಿಯ ಕಡೆಯ ಕೋಣೆಯಲ್ಲಿ, ಗೋಣಿಚೀಲಗಳ ನಡುವೆ. ನಾನೂ ಅಲ್ಲೇ ಕುಳಿತು ಉಣ್ಣುತ್ತಿದ್ದೆ, ಹಠಕ್ಕೆ. ಲಿಂಗ ಕಟ್ಟಿಸಿಬಿಡೋಣ, ಆಗ ನಮ್ಮದೇ ಆಯಿತಲ್ಲ ಎಂದು ನಾನೇ ಶಿವರಾತ್ರಿಯ ಹೊತ್ತಿಗೆ ಮನೆತನದ ಅಯ್ಯನವರನ್ನು ಕರೆಸಿದೆ. ಎರೆದು, ವಿಭೂತಿ ಹಚ್ಚಿ, ಅಂಗೈ ಮೇಲೆ ಲಿಂಗವಿಟ್ಟು, ಕಿವಿಯಲ್ಲಿ ಮಂತ್ರ ಹೇಳಬೇಕು, ಅದೇ ದೀಕ್ಷೆ. ಎಡಗೈ ತೆರೆಯುವುದಿಲ್ಲವಲ್ಲ ಎಂದು ಅತ್ತೆ ಮೊದಲೇ ಅಡ್ಡಬಾಯಿ ಹಾಕಿದರು. ಕೈ ತೆರೆಯದ ಕೂಸಿನ ಹತ್ತಿರ ಬರಲಾರದ ದೇವರು ನನಗೂ ಬೇಡ ಎಂದು ನಾನು ಎಲ್ಲರೆದುರು ಅಂದುಬಿಟ್ಟೆ. ಅಯ್ಯನವರು ಸಿಟ್ಟಾಗಲಿಲ್ಲ. ಬಲಗೈ ಇದೆಯಲ್ಲವ್ವ ಎಂದು ನಕ್ಕರು. ಆಮೇಲೆ ವಿಭೂತಿಯ ಗಟ್ಟಿ ಕೈಗೆ ತೆಗೆದುಕೊಂಡರು.

ಕೂಸು ಅವರ ಹೆಬ್ಬೆರಳನ್ನು ರಕ್ತ ಬರುವ ಹಾಗೆ ಕಚ್ಚಿತು. ಪೂಜೆಯ ತಂಬಿಗೆ ಒದ್ದು, ಹೂವು ತುಳಿದು, ಬಾಗಿಲಾಚೆ ಓಡಿ, ಎಮ್ಮೆಯ ಹೊಟ್ಟೆಯ ಕೆಳಗೆ ಹೋಗಿ ಕುಳಿತಿತು. ಅಯ್ಯನವರು ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತ, ಬಲಗೈ ಮೇಲೆ ಲಿಂಗ ಕೊಟ್ಟೇನು, ವಿಭೂತಿ ಇಲ್ಲದೆ ದೀಕ್ಷೆ ಹೇಗೆ ಕೊಡಲಿ ಎಂದರು. ಅವರು ಹೋದ ಮೇಲೆ ಅತ್ತೆ ನನ್ನನ್ನೂ ನನ್ನ ಗಂಡನನ್ನೂ ನಿಲ್ಲಿಸಿ ತೀರ್ಪು ಹೇಳಿದರು. ದೀಪಾವಳಿಯ ತನಕ ನೋಡುತ್ತೇನೆ. ಅಷ್ಟರಲ್ಲಿ ಹಣೆಗೆ ವಿಭೂತಿ ಹಚ್ಚಿಸಿಕೊಂಡು ಲಿಂಗ ಕಟ್ಟಿಸಿಕೊಂಡರೆ ಈ ಮನೆಯ ಕೂಸು. ಇಲ್ಲದಿದ್ದರೆ ಹೈದರಾಬಾದಿನಲ್ಲಿ ಇಂಥವನ್ನೆಲ್ಲ ಇಟ್ಟುಕೊಳ್ಳುವ ಆಶ್ರಮವಿದೆಯಂತೆ, ಅಲ್ಲಿಗೆ. ಗಂಡ ನನ್ನ ಮುಖ ನೋಡಿದರು, ಅವರವ್ವನ ಮುಖ ನೋಡಿದರು. ತಕ್ಕಡಿ ಹಿಡಿದು ಹಿಡಿದು ಮನೆಯಲ್ಲೂ ಅವರದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ನಾನು ಕೂಸನ್ನು ಎತ್ತಿಕೊಂಡು ಊರ ಪಕ್ಕದ ಮಾಣಿಕನಗರದ ಗುಡಿಗೆ ಹೋದೆ. ಅಲ್ಲಿ ಫಕೀರರೂ ಬರುತ್ತಾರೆ, ಸಾಧುಗಳೂ ಬರುತ್ತಾರೆ, ಯಾವ ಕೂಸು ಯಾರದು ಎಂದು ಯಾರೂ ಕೇಳುವುದಿಲ್ಲ. ಕಂಬಕ್ಕೆ ಒರಗಿ ಕುಳಿತು ದೇವರ ಜೊತೆ ಜಗಳ ತೆಗೆದೆ. ಕೊಟ್ಟವನು ನೀನು. ಕೊಟ್ಟ ಮೇಲೆ ಇದರ ಬೀಗ ಯಾವುದು, ಕೀಲಿ ಯಾವುದು ಹೇಳದೆ ಸುಮ್ಮನೆ ಕೂತರೆ ಹೇಗೆ? ಜಗಳವಾಡಿ ಹಗುರಾಗಿ ಮನೆಗೆ ಬಂದೆ. ನನ್ನ ಭಕ್ತಿ ಆಗಲೂ ಇಷ್ಟೇ, ಈಗಲೂ ಇಷ್ಟೇ.

ಶ್ರಾವಣ ಬಂತು. ಪಂಚಮಿಗೆ ನನ್ನ ತಮ್ಮ ಬಂಡಿ ಕಟ್ಟಿಕೊಂಡು ಬಂದ. ಕೂಸನ್ನು ಕರೆದುಕೊಂಡು ಕಲ್ಯಾಣಕ್ಕೆ ಹೋದೆ. ತವರಿನ ಹಿತ್ತಿಲಲ್ಲಿ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಕೂಸನ್ನು ತೊಡೆಯ ಮೇಲಿಟ್ಟುಕೊಂಡು ನಾನು ಜೀಕಿದೆ. ಅಯ್ಯೋ, ಅದು ನಕ್ಕಿತು! ವರ್ಷವಿಡೀ ತಾನೇ ತೂಗುತ್ತಿದ್ದ ಕೂಸಿಗೆ ಈಗ ಲೋಕವೇ ತೂಗಿದರೆ ನಗದೆ ಏನು ಮಾಡೀತು? ನಾನು ಅವ್ವನನ್ನು, ತಮ್ಮನ ಹೆಂಡತಿಯನ್ನು, ಓಣಿಯವರನ್ನು ಎಲ್ಲ ಕೂಗಿ ಕರೆದೆ. ಅದು ನಕ್ಕದ್ದನ್ನು ನೋಡಲು ಬಂದವರಿಗೆಲ್ಲ ಒಂದೊಂದು ಎಳ್ಳುಂಡಿ ಕೊಟ್ಟೆ.

ಮರುದಿನ ಬೆಳಿಗ್ಗೆ ಕೂಸು ಅವ್ವನ ಒಲೆಯ ಮುಂದೆ ಕುಳಿತಿತ್ತು. ನಮ್ಮವ್ವ ಅಂಥ ಕಟ್ಟಿನವಳಲ್ಲ, ಕೂಸು ಒಲೆ ಮುಟ್ಟಿದರೆ ಒಲೆ ಮೈಲಿಗೆಯಾಗುವುದಿಲ್ಲ ಎನ್ನುವವಳು. ಕೂಸು ಉರಿಯನ್ನು ನೋಡುತ್ತ, ಬಲಗೈಯಿಂದ ಒಂದೊಂದೇ ಕಟ್ಟಿಗೆ ಚಿಪಾಟಿ ಒಳಗೆ ತಳ್ಳುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಸುಟ್ಟ ಮನೆಯಿಂದ ಬಂದ ಕೂಸು, ಬೆಂಕಿಗೆ ಹೆದರಬೇಕಲ್ಲ? ಹೆದರುತ್ತಿಲ್ಲ. ಕರ್ಪೂರಕ್ಕೂ ಹೆದರುತ್ತಿರಲಿಲ್ಲ, ದೀಪಕ್ಕಂತೂ ಮೊದಲೇ ಇಲ್ಲ. ಅಷ್ಟರಲ್ಲಿ ತಮ್ಮನ ಹೆಂಡತಿ ಪಾತ್ರೆ ತಿಕ್ಕಲೆಂದು ಪಕ್ಕದ ಒಲೆಯ ಬೂದಿಯನ್ನು ಬುಟ್ಟಿಗೆ ಬಗೆದಳು. ಬಾಗಿಲಿನಿಂದ ಗಾಳಿ ಬೀಸಿತು. ಬೂದಿ ಎದ್ದಿತು.

ಕೂಸು ಚೀರಿತು. ಅದೇ ಚೀರು. ಹುಮನಾಬಾದಿನ ಪೂಜೆ ಕೋಣೆಯ ಮುಂದಿನ ಅದೇ ಚೀರು, ಕೂದಲೆಳೆಯಷ್ಟೂ ಬೇರೆಯಲ್ಲ.

ನನ್ನ ಕೈಯಲ್ಲಿದ್ದ ಉಂಡಿ ಕೆಳಗೆ ಬಿತ್ತು. ಬೂದಿ! ವಿಭೂತಿಯಲ್ಲ, ದೆವ್ವವಲ್ಲ, ಜಾತಿಯೂ ಅಲ್ಲ, ಬೂದಿ! ನಾನು ಕೂಗಿದ ರಭಸಕ್ಕೆ ಅವ್ವ ನನಗೇ ಗಾಳಿ ಬಡಿಯಿತೆಂದು ತಿಳಿದಳು. ಕೂಸನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು ಬರಿಗಾಲಲ್ಲಿ ಓಡಿದೆ. ಓಣಿ ದಾಟಿ, ಕೋಟೆಯ ಕಡೆಯ ಇಳಿಜಾರು ಇಳಿದು, ಹೊಲದಲ್ಲಿ ತಮ್ಮನನ್ನು ಹಿಡಿದೆ. ಆ ದಿನ ಕೂಸು ನಿನಗೆ ಹೇಗೆ ಸಿಕ್ಕಿತು, ಮೊದಲಿನಿಂದ ಹೇಳು ಎಂದೆ. ಅವನು ಆ ಮಾತನ್ನು ಯಾರ ಹತ್ತಿರವೂ ಪೂರಾ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವನು ಕೂಸಿನ ಕಡೆ ನೋಡದೆ ಹೇಳಿದ:

“ತಲಿಯಿಂದ ಕಾಲ್ತನಕ ಬೂದಿನೇ ಇತ್ತಕ್ಕ. ಬಾಯಾಗೂ ಬೂದಿ. ಒಂದ್ ಕೈಲೆ ಬೂದಿ ಬಗದು ಬಗದು ಏನೋ ಹುಡಕಾಕತ್ತಿತ್ತು. ನಾ ಎತ್ತಿಕೊಂಡ್ರ ಮತ್ತ ಅಲ್ಲೇ ಇಳೀತಿತ್ತು.”

ನಾನು ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟೆ. ಹುಡುಕುವುದು ಏನಿರುತ್ತದೆ ಆ ವಯಸ್ಸಿನ ಕೂಸಿಗೆ? ಅವ್ವನನ್ನೇ ಅಲ್ಲವೇ?

ಇಷ್ಟು ಸುಲಭದ್ದು ಒಂದು ವರ್ಷ ಯಾಕೆ ತಿಳಿಯಲಿಲ್ಲ ಎಂದು ನೀವು ಕೇಳಬಹುದು. ನಮ್ಮಂಥವರ ಮನೆಯಲ್ಲೇ ಅದು ತಿಳಿಯದೆ ಇರುವುದು. ಬೇರೆ ಯಾರ ಮನೆಗಾದರೂ ಹೋಗಿದ್ದರೆ ಕೂಸು ಒಲೆಯ ಹತ್ತಿರ ಸುಳಿದಾಡಿ ಎರಡು ದಿನಕ್ಕೆ ತಿಳಿಯುತ್ತಿತ್ತು. ನಮಗೆ ಬೂದಿ ಬೇರೆ, ವಿಭೂತಿ ಬೇರೆ. ಬೂದಿ ಪಾತ್ರೆ ತಿಕ್ಕಲು, ವಿಭೂತಿ ಹಣೆಗೆ. ಸಗಣಿಯ ಉಂಡೆ ಸುಟ್ಟು, ಸೋಸಿ, ಹಾಲಿನಲ್ಲಿ ಕಲಸಿ ಗಟ್ಟಿ ಮಾಡುವುದನ್ನು ಕಣ್ಣಾರೆ ನೋಡಿದವರೂ ಅದನ್ನು ಬೂದಿ ಎನ್ನುವುದಿಲ್ಲ. ಬಾಯಲ್ಲಿ ಮಾತ್ರವಲ್ಲ, ಮನಸ್ಸಿನಲ್ಲೂ ಎನ್ನುವುದಿಲ್ಲ. ಹೆದರಿದವರ ಹೆದರಿಕೆ ಬಿಡಿಸುವ ವಸ್ತುವೇ ಹೆದರಿಕೆ ಆದೀತೆಂದು ಯಾರಿಗೆ ಹೊಳೆಯಬೇಕು? ಗಾಯದ ಮೇಲೆ ಬರೆ ಎಳೆಯುತ್ತ, ಮದ್ದು ಹಚ್ಚುತ್ತಿದ್ದೇವೆ ಎಂದುಕೊಂಡಿದ್ದೆವು.

ಹುಮನಾಬಾದಿಗೆ ಬಂದು ಬಂಡಿಯಿಂದ ಇಳಿಯುವ ಮೊದಲೇ ಅತ್ತೆಗೆ ಕೂಗಿ ಹೇಳಿದೆ. ಅತ್ತೀ, ಕೂಸಿಗೆ ನಿಮ್ಮ ಮೇಲೆ ಹೆದರಿಕೆಯಲ್ಲ, ನಿಮ್ಮ ಮೈಮೇಲಿನ ಬೂದಿಗೆ ಹೆದರಿಕೆ ಎಂದೆ. ಬಜಾರಿನ ನಾಲ್ಕು ಮಂದಿಗೆ ಕೇಳಿಸಿತು. ಅತ್ತೆಯ ಮುಖ ಕೆಂಪಾಯಿತು. “ವಿಭೂತಿಗಿ ಬೂದಿ ಅಂತೀ?” ಎಂದರು. ಅಷ್ಟೇ. ಒಳಗೆ ಹೋದವರು ಅಂದಿನಿಂದ ನನ್ನ ಜೊತೆ ಮಾತು ಬಿಟ್ಟರು. ಉಪ್ಪು ಬೇಕಾದರೂ ಗಂಡನ ಕಡೆಯಿಂದ ಹೇಳಿಸುತ್ತಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಾನೂ ಬಿಗಿದುಕೊಂಡೆ. ಬೀಗ ಸಿಕ್ಕಿತ್ತಲ್ಲ, ಇನ್ನು ಕೀಲಿ ಹುಡುಕಬೇಕಿತ್ತು.

ಆ ಕೀಲಿಯನ್ನು ನಾನು ಮಣ್ಣಿನಲ್ಲಿ ಕಂಡೆ. ಕೂಸಿಗೆ ಹಸಿ ಮಣ್ಣೆಂದರೆ ಜೀವ. ನಾನು ವಿಭೂತಿಯ ಗಟ್ಟಿಯೊಂದನ್ನು ಹಿತ್ತಾಳೆ ಬಟ್ಟಲಲ್ಲಿ ನೀರು ಹಾಕಿ ನೆನೆಸಿದೆ. ಹಸಿ ವಿಭೂತಿ ಬೆಳ್ಳಗೆ ಕಾಣುವುದಿಲ್ಲ, ಹಾರುವುದಿಲ್ಲ, ಮಣ್ಣಿನ ಕೆಸರಿನಂತೆ ಇರುತ್ತದೆ. ಕೂಸು ಬೆರಳು ಅದ್ದಿತು. ಚೀರಲಿಲ್ಲ. ಕಂಬಕ್ಕೆ ಬಳಿಯಿತು, ಎಮ್ಮೆಕರುವಿಗೆ ಬಳಿಯಿತು. ಆಮೇಲೆ ನಾನು ಅದರ ಮೂರು ಬೆರಳು ಹಿಡಿದು ನನ್ನ ಹಣೆಯ ಮೇಲೆ ಎಳೆಸಿದೆ. ನಿನಗೆ ನಾವು ಹಚ್ಚುವುದು ಬೇಡ ತಾಯಿ, ನಮಗೆ ನೀನು ಹಚ್ಚು ಎಂದೆ.

ಹಸಿ ವಿಭೂತಿ ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ. ನನ್ನ ಹಣೆಯ ಮೇಲೆ ಬಿಳುಪು ಏಳುವುದನ್ನು ಕಂಡು ಕೂಸಿನ ಮುಖ ಬಿಗಿಯಿತು, ತುಟಿ ನಡುಗಿತು. ಈಗ ಚೀರುತ್ತದೆ ಎಂದು ನಾನು ಕಾದೆ. ಚೀರಲಿಲ್ಲ. ಹೆಬ್ಬೆರಳನ್ನು ಬಾಯಲ್ಲಿ ಹಾಕಿ ಎಂಜಲು ಮಾಡಿ ನನ್ನ ಹಣೆಯನ್ನು ಗಸಗಸ ತಿಕ್ಕಿತು. ಬಿಳುಪು ಹೋಗಿ ಚರ್ಮ ಕಂಡಿತು. ಕೂಸು ಬಗ್ಗಿ ನೋಡಿತು, ಮೂಸಿತು, ಕೆನ್ನೆ ತಟ್ಟಿತು. ಕೆಳಗೆ ನಾನೇ ಇದ್ದೆ! ಮತ್ತೆ ಬಳಿಯಿತು, ಒಣಗಲು ಬಿಟ್ಟಿತು, ಮತ್ತೆ ಒರೆಸಿತು. ಮತ್ತೂ ನಾನೇ ಇದ್ದೆ. ಮಧ್ಯಾಹ್ನವೆಲ್ಲ ಇದೇ ಆಟ ನಡೆಯಿತು. ಅನ್ನ ಸೀದು ಹೋಯಿತು, ಹೋಗಲಿ ಎಂದೆ. ಬೂದಿ ಬಗೆದು ಬಗೆದು ಸಿಗದೇ ಹೋದವರ ಬದಲು ಅದಕ್ಕೆ ನಾನು ಸಿಕ್ಕೆನಲ್ಲ. ಆ ಹೊತ್ತಿನಲ್ಲಿ ನನಗಾದ ಸಂತೋಷವನ್ನು ಹೆತ್ತವರೂ ಕಂಡಿರಲಿಕ್ಕಿಲ್ಲ. ನಾನು ನಗುತ್ತ ಅಳುತ್ತ, ಹಣೆ ಉರಿಯುವ ತನಕ ಒರೆಸಿಕೊಂಡೆ.

ಅಂದಿನಿಂದ ಮನೆಗೆ ಯಾರು ಬಂದರೂ ಹಣೆ ಒಡ್ಡಬೇಕು. ಗಂಡ ಅಂಗಡಿಗೆ ಹೊರಡುವಾಗ ಬಗ್ಗಿ ಕೂರುತ್ತಿದ್ದರು. ಮೂರು ಸೊಟ್ಟ ಗೆರೆ ಹಚ್ಚಿಸಿಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತರೆ ಗಿರಾಕಿಗಳು ನಗುತ್ತಿದ್ದರು. ಖಾಲಾ ಮಾತ್ರ ಹಣೆಯ ಬದಲು ಅಂಗೈ ಒಡ್ಡಿ, ಮದರಂಗಿ ಹಚ್ಚು ಎಂದು ಹಚ್ಚಿಸಿಕೊಂಡಳು. ಆದರೆ ಕೂಸಿನ ಹಣೆಗೆ ನಾವು ಕೈ ಒಯ್ದರೆ ಅದು ಈಗಲೂ ತಲೆ ಹಿಂದಕ್ಕೆ ಎಳೆಯುತ್ತಿತ್ತು. ಮಹಾನವಮಿ ಮುಗಿಯಿತು. ದೀಪಾವಳಿ ಹತ್ತಿರ ಬಂತು. ನಾನು ಲಾಲಿಸಿದೆ, ಬೇಡಿಕೊಂಡೆ, ಒಮ್ಮೆ ಗದರಿಸಿಯೂ ನೋಡಿದೆ. ಬೇಡ ಎಂದರೆ ಬೇಡ. ಇಷ್ಟು ದೂರ ಬಂದ ಕೂಸನ್ನು ಅತ್ತೆಯ ಗಡುವಿಗಾಗಿ ಹಿಡಿದು ಹಚ್ಚಲೇ? ನನ್ನ ಕೈಯಿಂದ ಅದು ಆಗುವಂತಿರಲಿಲ್ಲ.

ಅತ್ತೆ ಮಾತು ತಪ್ಪುವವರಲ್ಲ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಗಂಡನ ಸೋದರಸಂಬಂಧಿಯೊಬ್ಬನ ಲಾರಿ ಅಂಗಡಿಯ ಮುಂದೆ ನಿಂತಿತು. ಮನ್ನಾಏಖೇಳ್ಳಿಯಲ್ಲಿ ಮಾಲು ಇಳಿಸಿ ಹೈದರಾಬಾದಿಗೆ ಹೋಗುವ ಲಾರಿ. ಪಡಸಾಲೆಯಲ್ಲಿ ಒಂದು ಗಂಟು ಕಟ್ಟಿಟ್ಟಿತ್ತು. ಎರಡು ಹೊಸ ಲಂಗ, ಒಂದು ಕೌದಿ, ಒಂದು ಡಬ್ಬಿ ಚಕ್ಕುಲಿ. ಚಕ್ಕುಲಿಯನ್ನು ಅತ್ತೆ ತಾವೇ ಕರಿದಿದ್ದರು. ಅದನ್ನು ಕಂಡು ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಕೂಸಿನ ಜೊತೆ ನಾನೂ ಲಾರಿ ಹತ್ತುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದೆ. ಅತ್ತೆಗೆ ಹೇಳಬೇಕಾದ ಮಾತನ್ನೆಲ್ಲ ಇರುಳೆಲ್ಲ ಹೊಸೆದು ಇಟ್ಟುಕೊಂಡಿದ್ದೆ. ಒಂದೊಂದೂ ಬೆಂಕಿಕೆಂಡ. ಅವರು ಪೂಜೆಗೆ ಕುಳಿತಿದ್ದರು. ಮುಗಿಸಿ ಹೊರಗೆ ಬರಲಿ ಎಂದು ಕಾಯುತ್ತಿದ್ದೆ.

ಅಷ್ಟರಲ್ಲಿ ನೋಡುತ್ತೇನೆ, ಕೂಸು ಇಲ್ಲ. ಅದರ ಹಿತ್ತಾಳೆ ಬಟ್ಟಲೂ ಇಲ್ಲ. ಹಿತ್ತಿಲು ನೋಡಿದೆ, ಗೋಣಿಚೀಲಗಳ ಹಿಂದೆ ನೋಡಿದೆ. ತಿರುಗಿ ಬಂದರೆ ಪೂಜೆ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಕೂಸು ಹೊಸ್ತಿಲು ದಾಟಿ ಒಳಗೆ ನಿಂತಿತ್ತು.

ಅತ್ತೆ ಮಣೆಯ ಮೇಲೆ ಕುಳಿತು ಎಡ ಅಂಗೈ ಮೇಲೆ ಲಿಂಗವಿಟ್ಟು ನೋಡುತ್ತಿದ್ದರು. ಲಿಂಗ ಅಂಗೈಗೆ ಬಂದ ಮೇಲೆ ಮನೆಗೆ ಬೆಂಕಿ ಬಿದ್ದರೂ ಏಳುವಂತಿಲ್ಲ, ಮಾತಾಡುವಂತಿಲ್ಲ, ಕಣ್ಣು ಸರಿಸುವಂತಿಲ್ಲ. ಹಣೆಯ ಮೇಲೆ, ತೋಳಿನ ಮೇಲೆ ವಿಭೂತಿ ಬೆಳ್ಳಗೆ ಒಣಗಿತ್ತು. ವರ್ಷವಿಡೀ ಗೋಡೆ ಹಿಡಿದು ಸರಿದ ಕೂಸು ಈಗ ಆ ಕರಿಯ ಲಿಂಗದ ಮೇಲಿನ ಬೆಳಕಿನ ಚುಕ್ಕಿಯನ್ನು ನೋಡುತ್ತ ಒಂದೊಂದೇ ಹೆಜ್ಜೆ ಮುಂದೆ ಹೋಯಿತು. ನಾನು ಹೊಸ್ತಿಲಾಚೆಯೇ ನಿಂತೆ. ಕೂಗಿದರೆ ಕೂಸು ಬೆಚ್ಚುತ್ತದೆ, ಒಳಗೆ ಹೋದರೆ ಅತ್ತೆಯ ಪೂಜೆ ಕೆಡುತ್ತದೆ.

ಕೂಸು ಬಟ್ಟಲನ್ನು ಕೆಳಗಿಟ್ಟು ಹೆಬ್ಬೆರಳನ್ನು ಬಾಯಲ್ಲಿ ಹಾಕಿತು. ಅಯ್ಯೋ ಶಿವನೇ, ಎಂಜಲು! ಪೂಜೆಯಲ್ಲಿ ಕುಳಿತ ಅತ್ತೆಯ ಹಣೆಗೆ ಎಂಜಲು ಹಚ್ಚಿ ಗಸಗಸ ತಿಕ್ಕಿತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಬಿಳುಪು ಹೋಯಿತು. ಸುಕ್ಕುಗಟ್ಟಿದ, ಗೋಧಿ ಬಣ್ಣದ ಹಣೆ ಕಂಡಿತು. ಕೂಸು ಬಗ್ಗಿ ನೋಡಿತು. ಇನ್ನೂ ಹತ್ತಿರ ಬಗ್ಗಿ ನೋಡಿತು. ಅತ್ತೆಯ ಕೆನ್ನೆ ತಟ್ಟಿತು. ಆಮೇಲೆ ಬಟ್ಟಲಲ್ಲಿ ಬೆರಳದ್ದಿ ಮೂರು ಗೆರೆ ಎಳೆಯಿತು. ಒಂದು ಕಿವಿಗೆ ಹೋಯಿತು, ಒಂದು ಹುಬ್ಬು ಹತ್ತಿತು, ಮೂರನೆಯದು ನಡುವೆಯೇ ಮುರಿಯಿತು.

ಲಾರಿಯವನಿಗೆ ಅವಸರವಾಗಿದೆ ಎಂದು ಹೇಳಲು ಬಂದ ಗಂಡ ನನ್ನ ಹಿಂದೆ ನಿಂತರು. ಅತ್ತೆಯ ಕಣ್ಣು ಲಿಂಗದ ಮೇಲೆಯೇ ಇತ್ತು. ಕೂಸು ಅವರ ಮಗ್ಗುಲಲ್ಲೇ ಕುಳಿತು, ಆ ಬೆಳಕಿನ ಚುಕ್ಕಿಯನ್ನು ತಾನೂ ನೋಡತೊಡಗಿತು. ಹೊರಗೆ ಲಾರಿ ಹಾರ್ನ್ ಹೊಡೆಯಿತು. ಅತ್ತೆ ಪೂಜೆಯನ್ನು ಅವಸರ ಮಾಡಲಿಲ್ಲ.

ಕೊನೆಗೆ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಹಾಕಿಕೊಂಡರು. ವಿಭೂತಿ ಹಚ್ಚಿದವರು ಯಾರೇ ಇರಲಿ, ದೊಡ್ಡವರಿರಲಿ ಸಣ್ಣವರಿರಲಿ, ಹಚ್ಚಿಸಿಕೊಂಡವರು ಅವರಿಗೆ ತಲೆ ಬಾಗಬೇಕು. ಇದು ಅತ್ತೆಯೇ ನನಗೆ ಕಲಿಸಿದ್ದು. ಅವರು ಎರಡೂ ಕೈ ಜೋಡಿಸಿ, ಆ ಕೂಸಿನ ಮುಂದೆ ಹಣೆ ನೆಲಕ್ಕೆ ತಾಗುವಷ್ಟು ಬಾಗಿದರು. ಎದ್ದು ಬಾಗಿಲ ಕಡೆ ತಿರುಗಿದಾಗ ಕಣ್ಣು ಕೆಂಪಾಗಿದ್ದವು. ನಾನು ಇರುಳೆಲ್ಲ ಹೊಸೆದ ಒಂದು ಮಾತೂ ನನಗೆ ನೆನಪಾಗಲಿಲ್ಲ. ಪಂಚಮಿಯ ನಂತರ ಮೊದಲ ಸಲ ಅವರು ನನ್ನನ್ನು ನೋಡಿ ಮಾತಾಡಿದರು.

“ಏನ್ ನೋಡ್ಕೋತ ನಿಂತೀ? ಲಾರಿಯಂವಗ ಚಹಾ ಕುಡಿಸಿ ಕಳಸು. ಮತ್ತ ಗೆರಿ ಎಲ್ಲಾ ವಾಂಕಡ ಆಗ್ಯಾವ, ನಾಳಿಗಿ ನೆಟ್ಟಗ ಎಳಿ ಅಂತ ಹೇಳು ನಿನ್ನ ಮಗಳಿಗಿ.”